ಎತ್ತು ನೋಡುವ ದಾಸಪ್ಪ ಕಾರು ನೋಡಿದ್ದು

ಹುಣಸೆದೊಡ್ಡಿಯ ದಾಸಪ್ಪನಿಗೂ ಇಸ್ಕೂಲಿಗೂ ಚಿಕ್ಕಂದಿನಲ್ಲೇ ಮನಸ್ತಾಪ ಆಗಿ ಇಬ್ಬರೂ ದೂರವಾಗಿದ್ದರು. ಆದರೆ ಎತ್ತಿನ ವಿಷಯಕ್ಕೆ ಬಂದರೆ ಕೆಂಗಲ್ ಸುತ್ತಿನಿಂದ ಹಿಡಿದು ಮಾಗಡಿ ಕಡೆಯ ಹಳ್ಳಿಗಳವರೆಗೂ ಅವನ ಮಾತಿಗೆ ಎದುರಾಡುವವರು ಇರಲಿಲ್ಲ. ಯಾರಾದರೂ ಎತ್ತು ತರಬೇಕೆಂದರೆ ಬೆಳಗ್ಗೆಯೇ ಇವನ ಜಗಲಿಗೆ ಬಂದು, "ದಾಸಣ್ಣ, ಒಸಿ ಬಂದು ನೋಡ್ಬುಡು" ಅನ್ನುತ್ತಿದ್ದರು. ದಾಸಪ್ಪ ಬಿಳಿ ಅಂಗಿ ತೊಟ್ಟು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಡುತ್ತಿದ್ದ. ಎತ್ತಿನ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ಗೊರಸು ಎತ್ತಿಸಿ ನೋಡುತ್ತಿದ್ದ, ನಡೆಸಿ ನೋಡುತ್ತಿದ್ದ. ಇಷ್ಟಕ್ಕೆಲ್ಲ ಅವನು ತೆಗೆದುಕೊಳ್ಳುತ್ತಿದ್ದುದು ಒಂದು ಲೋಟ ಕಾಫಿ, ಊಟದ ಹೊತ್ತಾಗಿದ್ದರೆ ಒಂದು ಊಟ. ದಳ್ಳಾಳಿ ಅಂತ ಯಾರಾದರೂ ಕರೆದರೆ ಕೆಂಡವಾಗುತ್ತಿದ್ದ.

ಬೆಲೆ ಕುದುರಿದ ಮೇಲೆ ಕೊಳ್ಳುವವನ ಕೈಯನ್ನು ಮಾರುವವನ ಕೈಮೇಲೆ ಇರಿಸಿ, ಅದರ ಮೇಲೆ ತನ್ನ ಕೈ ಇಟ್ಟು "ಆಯ್ತು" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಮುಂಗಡ ಇಲ್ಲ, ಚೀಟಿ ಇಲ್ಲ. ಆಮೇಲೆ ಇನ್ಯಾರು ಎಷ್ಟು ಹೆಚ್ಚಿಗೆ ಕೊಡುತ್ತೇನೆಂದರೂ ವ್ಯಾಪಾರ ಕದಲುತ್ತಿರಲಿಲ್ಲ. ಒಮ್ಮೆ ತನಗೇ ಅಂತ ಒಂದು ಎತ್ತಿಗೆ ಹೀಗೆ ಕೈ ಹಾಕಿ, ಹೊಡೆದುಕೊಂಡು ಬರುವಾಗ ದಾರಿಯಲ್ಲಿ ಅದು ಕುಂಟುತ್ತದೆ ಅಂತ ಗೊತ್ತಾಯಿತು. ವಾಪಸ್ಸು ಕೊಟ್ಟು ಬಾ ಅಂತ ಹೆಂಡತಿ ಸರಸಮ್ಮ ಬೈದಳು, ಅತ್ತಳು. ದಾಸಪ್ಪ ಕೇಳಲಿಲ್ಲ. ಆ ಕುಂಟೆತ್ತು ಅವನ ಕೊಟ್ಟಿಗೆಯಲ್ಲೇ ಮೇಯ್ದು ಮುದಿಯಾಗಿ ಸತ್ತಿತು. "ನಿಮ್ಮ ಮಾತಿಗೆ ಹುಲ್ಲು ಹಾಕಿದ್ದು ಮಾತ್ರ ನಾನು" ಅಂತ ಸರಸಮ್ಮ ಈಗಲೂ ಚುಚ್ಚುತ್ತಾಳೆ. ಕೈ ಹಾಕಿದ ಮಾತು ಹಿಂದಕ್ಕೆ ತೆಗೆದವನಲ್ಲ ಅನ್ನುವುದೊಂದು ದಾಸಪ್ಪನ ದೊಡ್ಡ ಜಂಬ. ಬೇರೆ ಜಂಬ ಪಡಲು ಅವನ ಹತ್ತಿರ ಏನೂ ಇರಲೂ ಇಲ್ಲ ಅನ್ನಿ.

ಟ್ರ್ಯಾಕ್ಟರು, ಟಿಲ್ಲರು ಬಂದವು. ಎತ್ತು ಕೊಳ್ಳುವವರು ಇಲ್ಲವಾದರು. ಬಿಳಿ ಅಂಗಿ ಬೀರುವಿನಲ್ಲಿ ಕೂತಿತು. ಹಾಗಾಗಿ ಹೋದ ವರ್ಷ ಮಗ ಅಶ್ವಥ್, "ಅಪ್ಪ, ಕಾರು ತಗಳಾನ ಅಂತಿವ್ನಿ, ನೀನೂ ಬಾ ನೋಡಾಕೆ" ಅಂದಾಗ ದಾಸಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಮಗ ಮರ್ಯಾದೆಗೆ ಕರೆದದ್ದೋ ನಿಜಕ್ಕೂ ಕರೆದದ್ದೋ ಅಂತ ಯೋಚಿಸಲೂ ಹೋಗದೆ ಅಂಗಿ ಇಸ್ತ್ರಿಗೆ ಕೊಟ್ಟ.

ಕಾರು ಬೇಕಾಗಿದ್ದು ಸರಸಮ್ಮನ ಮಂಡಿಗೆ. ವಾರಕ್ಕೊಮ್ಮೆ ಚನ್ನಪಟ್ಟಣದ ಆಸ್ಪತ್ರೆಗೆ ಹೋಗಬೇಕು. ಸೊಸೆ ರಾಧಾಮಣಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಹಂಪ್ ಹತ್ತಿ ಇಳಿಯುವಾಗ ಅತ್ತೆ ಹಿಂದಿನಿಂದ ಜಾರಿ ರಸ್ತೆ ಬದಿಗೆ ಕೂತುಬಿಟ್ಟಳು. ಪುಣ್ಯಕ್ಕೆ ಏನೂ ಆಗಲಿಲ್ಲ, ಆದರೆ ಅಂದಿನಿಂದ ಸ್ಕೂಟರು ಅಂದರೆ ಸರಸಮ್ಮ ಕೈ ಮುಗಿಯುತ್ತಾಳೆ.

ಯಾವ ಕಾರು ಅನ್ನುವುದಕ್ಕೆ ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆಯಿತು. ಈಗ ಎಲ್ಲರೂ ಕೊಳ್ಳುವ ಗಿಡ್ಡ ಎಸ್‌ಯುವಿಯೇ ಆಗಬೇಕು, ತೋಟದ ದಾರಿಗೆ ನೆಲದಿಂದ ಒಸಿ ಎತ್ತರ ಇರಬೇಕು ಅನ್ನುವಷ್ಟಕ್ಕೆ ಎಲ್ಲರೂ ಒಪ್ಪಿದ್ದರು. ಆಮೇಲೆ ದಾರಿ ಮೂರಾಯಿತು. ಅಶ್ವಥ್ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಇಂಜಿನ್ನಿನ ಮೇಲೆ ಪ್ರಾಣ. ಅವನಿಗೆ ಟರ್ಬೋ ಇರುವ ನೀಲಿ ಕಾರೇ ಬೇಕು. ಪಕ್ಕದ ಮನೆಯ ಮನೋಹರ್, ತಾನು ಕೊಂಡಿದ್ದ ಬಿಳಿ ಕಾರನ್ನೇ ಎಲ್ಲರೂ ಕೊಳ್ಳಬೇಕು ಅನ್ನುವ ಪೈಕಿ: "ಮೈಲೇಜ್ ನೋಡು, ಎಲ್ ಕೆಟ್ರೂ ರಿಪೇರಿ ಆಯ್ತದೆ, ನಾಳೆ ಮಾರುದ್ರೂ ಕಾಸು ಬತ್ತದೆ. ಕೊಟ್ಟ ದುಡ್ಗೆ ಇದ್ಕಿಂತ ಇನ್ನೇನ್ ಬೇಕ್ಲಾ?" ಮೊಮ್ಮಗಳು ಧನುಶ್ರೀ ರಾಮನಗರದಲ್ಲಿ ಕಾಲೇಜು ಓದುವವಳು. ಅವಳು ಮೊಬೈಲಿನಲ್ಲಿ ಕಾರುಗಳನ್ನು ಗೋಡೆಗೆ ಗುದ್ದಿಸುವ ವಿಡಿಯೋ ತೋರಿಸಿ, ಸುರಕ್ಷತೆಗೆ ಐದು ಸ್ಟಾರ್ ಬಂದಿರುವ ಕೆಂಪು ಕಾರು ಬಿಟ್ಟು ಬೇರೆ ಮಾತೇ ಬೇಡ ಅಂದಳು. ಹೊಚ್ಚ ಹೊಸ ಕಾರನ್ನು ಹಾಗೆ ಬೇಕಂತಲೇ ಗುದ್ದಿಸುವುದು ಕಂಡು ದಾಸಪ್ಪನಿಗೆ ಹೊಟ್ಟೆ ಉರಿದುಹೋಯಿತು.

ರಾಧಾಮಣಿಯನ್ನು ಯಾರೂ ಕೇಳಲಿಲ್ಲ. ಅವಳ ರೇಷ್ಮೆ ಹುಳುಗಳು ಆಗ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಹೊತ್ತು ಹೊತ್ತಿಗೆ ಸೊಪ್ಪು ಹಾಕುವುದರಲ್ಲಿ ಅವಳಿಗೂ ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ.

ಭಾನುವಾರ ಅಪ್ಪ ಮಗ ಮೊಮ್ಮಗಳು ಹೆದ್ದಾರಿ ಬದಿಯ ಶೋರೂಮುಗಳನ್ನು ಸುತ್ತಿದರು. ದಾಸಪ್ಪ ಕಾರನ್ನು ಎತ್ತು ನೋಡಿದ ಹಾಗೇ ನೋಡಿದ. ಮೊದಲು ದೂರ ನಿಂತು ಮುಖ ನೋಡಿದ. ಆಮೇಲೆ ಸುತ್ತ ಬಂದು, ಬಾಗಿಲು ಹಾಕಿ ತೆಗೆದು ಸದ್ದು ಕೇಳಿ, ಟವೆಲ್ ಹಾಸಿ ಮಂಡಿಯೂರಿ ಅಡಿ ನೋಡಿದ. ಬಿಳಿಯದು ಅವನಿಗೆ ಸಾಧುವಾಗಿ ಕಂಡಿತು, ಬಾಗಿಲು ಮಾತ್ರ ಹಗುರ ಅನ್ನಿಸಿತು. ಕೆಂಪುದರ ಬಾಗಿಲು ತೂಕವಾಗಿ ಮುಚ್ಚಿಕೊಂಡಿತು, ಆದರೆ ಏರಿನಲ್ಲಿ ಅಶ್ವಥ್ ಎಷ್ಟು ಒತ್ತಿದರೂ ಯೋಚನೆ ಮಾಡಿಕೊಂಡು ಹೋಯಿತು. ಕೊನೆಗೆ ನೀಲಿಯದು. ಅಲ್ಲಿನ ಸೇಲ್ಸ್ ಹುಡುಗ ಚನ್ನಪಟ್ಟಣದ ಮುಜಾಮಿಲ್, ಬಾಯಿ ತುಂಬ "ಯಜಮಾನ್ರೇ" ಅನ್ನುವವನು. ಬೆಟ್ಟದ ಕಡೆಯ ಏರಿನಲ್ಲಿ ಅಶ್ವಥ್ ಕಾಲು ಒತ್ತಿದ್ದೇ ತಡ, ಕಾರು ಉಸಿರು ಬಿಡದೆ ಹತ್ತಿಬಿಟ್ಟಿತು. ದಾಸಪ್ಪನ ಬೆನ್ನು ಸೀಟಿಗೆ ಅಂಟಿತು. ಹರೆಯದ ಹಳ್ಳಿಕಾರ್ ಹೋರಿಯ ಮೂಗುದಾರ ಹಿಡಿದಾಗ ಹೀಗೇ ಆಗುತ್ತಿತ್ತು ಅವನಿಗೆ. ಉದ್ದ ಕಾಲಿನ ಮಗ ಆ ಸೀಟಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿದ್ದ.

ಶೋರೂಮಿಗೆ ವಾಪಸ್ಸು ಬಂದು ರೇಟು, ರಿಯಾಯಿತಿ ಎಲ್ಲ ಮಾತಾದ ಮೇಲೆ ದಾಸಪ್ಪ ಎದ್ದು ನಿಂತ. ಮಗನ ಕೈ ಎಳೆದು ಮುಜಾಮಿಲ್ ಕೈಮೇಲೆ ಇರಿಸಿ, ತನ್ನ ಕೈ ಮೇಲಿಟ್ಟು "ಆಯ್ತು" ಅಂದ. ಮುಜಾಮಿಲ್ ನಕ್ಕು ಕೈ ಕುಲುಕಿ, "ನಾಡಿದ್ದು ಗಾಡಿ ಮನೆಗೇ ತರ್ತೀನಿ ಯಜಮಾನ್ರೇ, ಅಮ್ಮಾವ್ರು ಹತ್ತಿ ನೋಡ್ಲಿ. ಬುಕಿಂಗ್ ಆಮೇಲೆ ಮಾಡಿದ್ರಾಯ್ತು" ಅಂದ. ದಾರಿಯಲ್ಲಿ ಟೀ ಅಂಗಡಿ ಹತ್ತಿರ ಇಳಿದು, "ನೀಲಿದ್ಕೆ ಕೈ ಹಾಕ್ ಬಂದೆ" ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳಿಯೇ ದಾಸಪ್ಪ ಮನೆಗೆ ಬಂದ. ಎಷ್ಟೋ ವರ್ಷದ ಮೇಲೆ ಅವತ್ತು ಅವನು ಮುದ್ದೆಯನ್ನು ಎರಡನೇ ಸಲ ಹಾಕಿಸಿಕೊಂಡ.

ಹೇಳಿದಂತೆ ಮುಜಾಮಿಲ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ. ಅಶ್ವಥ್ ಶಿಫ್ಟಿಗೆ ಹೋಗಿದ್ದ. ಸರಸಮ್ಮ ಸಲೀಸಾಗಿ ಹತ್ತಿ ಕೂತಳು. ಅಷ್ಟರಲ್ಲಿ ಹಿಂದಿನಿಂದ ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರ್ಯಾಕ್ಟರು ಬಂದು ಹಾರನ್ ಹೊಡೆಯಿತು. ಮುಜಾಮಿಲ್ ನೀರು ಕುಡಿಯಲು ಒಳಗೆ ಹೋಗಿದ್ದ. ರಾಧಾಮಣಿ ಸೆರಗಿಗೆ ಕೈ ಒರೆಸಿಕೊಂಡು ಬಂದು, "ನಾನೇ ತಗೀತೀನಿ ಬುಡಿ" ಅಂತ ಡ್ರೈವರ್ ಸೀಟಿಗೆ ಹತ್ತಿದಳು. ಅದರ ಹಿಂದಿನ ವರ್ಷವೇ ಚನ್ನಪಟ್ಟಣದಲ್ಲಿ ಕಲಿತು ಲೈಸೆನ್ಸ್ ಮಾಡಿಸಿದ್ದಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ದಾಸಪ್ಪ ಕಾರಿನ ಮುಂದೆ ನಿಂತು "ಬಾ, ಬಾ" ಅಂತ ಕೈ ಬೀಸುತ್ತಿದ್ದವನು ಹಾಗೇ ನಿಂತ. ಸ್ಟೇರಿಂಗಿನ ಮೇಲೆ ಸೊಸೆಯ ಹಣೆ ಮತ್ತು ಕಣ್ಣು ಮಾತ್ರ ಕಾಣುತ್ತಿತ್ತು. ಪಕ್ಕಕ್ಕೆ ಬಂದು ನೋಡಿದ. ಕ್ಲಚ್ ಒತ್ತಿದಾಗಲೆಲ್ಲ ಅವಳ ಬೆನ್ನು ಸೀಟು ಬಿಟ್ಟು ಮುಂದೆ ಬರುತ್ತಿತ್ತು. ಬೆಲ್ಟು ಭುಜದ ಮೇಲೆ ಕೂರದೆ ಕುತ್ತಿಗೆಯನ್ನೇ ಒತ್ತುತ್ತಿತ್ತು. ನೊಗ ಹೆಗಲಿನ ಮೇಲೆ ಕೂರದೆ ಕುತ್ತಿಗೆಗೆ ಒತ್ತುವ ಎತ್ತನ್ನು ಅವನು ಎಷ್ಟು ನೋಡಿರಲಿಲ್ಲ!

"ಸೀಟು ಎತ್ರಕ್ಕೆ ಬರಾಕಿಲ್ವಾ?" ಅಂತ ಕೇಳಿದ.

"ಈ ಮಾಡೆಲ್‌ನಲ್ಲಿ ಇಲ್ಲ ಯಜಮಾನ್ರೇ" ಅಂದ, ಆಗ ತಾನೇ ಹೊರಗೆ ಬಂದ ಮುಜಾಮಿಲ್.

"ದಿಂಬು ಹಾಕ್ಕಂಡ್ರೆ ಆಯ್ತದೆ ಬುಡಿ ಮಾವ" ಅಂತ ರಾಧಾಮಣಿ ನಕ್ಕಳು. "ಸೀಟು ಒಸಿ ಮುಂದಕ್ಕೆ ಎಳ್ಕತೀನಿ."

ಜಗಲಿಯಲ್ಲಿದ್ದ ಧನುಶ್ರೀ ತಲೆ ಎತ್ತಿದಳು. "ಅಷ್ಟು ಮುಂದೆ ಕೂತ್ರೆ ಏರ್‌ಬ್ಯಾಗ್ ಎದೆಗೇ ಹೊಡೀತದಮ್ಮ. ಸ್ಟಾರ್ ಕೊಡುವಾಗ ಮುಂದಿನ ಸೀಟಲ್ಲಿ ಕೂರ್ಸೋದು ಗಂಡಸಿನ ಅಳತೆ ಬೊಂಬೆನ. ನಿನ್ನ ಅಳತೆದಲ್ಲ."

ಮುಜಾಮಿಲ್ ಗಾಡಿ ತೆಗೆದುಕೊಂಡು ಹೋದ. ದಾಸಪ್ಪ ಜಗಲಿ ಮೇಲೆ ಕೂತ. ಹತ್ತಾರು ಊರಿನವರಿಗೆ ಎತ್ತು ಕೊಡಿಸುವಾಗ ಅವನು ಕೇಳುತ್ತಿದ್ದ ಮೊದಲ ಮಾತೇ, ಹೂಡುವವನು ಯಾರು ಅಂತ. ತನ್ನ ಮನೆಯ ಕಾರಿಗೆ ಅದನ್ನೇ ಕೇಳಿರಲಿಲ್ಲ. ಅಶ್ವಥ್ ಕಂಪನಿ ಬಸ್ಸಿನಲ್ಲಿ ಹೋಗಿ ಕಂಪನಿ ಬಸ್ಸಿನಲ್ಲಿ ಬರುವವನು, ರಜೆ ಸಿಕ್ಕರೆ ಮಧ್ಯಾಹ್ನದವರೆಗೆ ಮಲಗುವವನು. ಸರಸಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವಳು ಇವಳು, ರಾಮನಗರದ ಮಾರ್ಕೆಟ್ಟಿಗೆ ಗೂಡು ಸಾಗಿಸುವವಳು ಇವಳು, ಮಳೆ ಬಂದರೆ ಮಗಳನ್ನು ಕರೆತರುವವಳು ಇವಳು. ಅವನಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಆದರೆ ಕೈ ಹಾಕಿಯಾಗಿತ್ತು.

ಎರಡು ದಿನ ಅವನಿಗೆ ಊಟ ರುಚಿಸಲಿಲ್ಲ. ದಿಂಬು ಹಾಕಿಕೊಂಡರೆ ಆಗುತ್ತೇನೋ ಅಂತ ಮನಸ್ಸು ಒಂದು ಕಡೆ ಹೇಳಿಕೊಳ್ಳುತ್ತಿತ್ತು. ನೊಗ ಒತ್ತುವ ಕಡೆ ಗೋಣಿತಾಟು ಸುತ್ತಿದರಾಯ್ತು ಅಂದವರನ್ನು ತಾನೇ ಹೇಗೆ ಉಗಿದು ಕಳಿಸುತ್ತಿದ್ದ ಅನ್ನುವುದೂ ನೆನಪಾಗುತ್ತಿತ್ತು. ಕುಂಟೆತ್ತಿನ ನಷ್ಟವನ್ನಾದರೋ ತಾನೇ ಅನುಭವಿಸಿದ್ದ. ಇದರಲ್ಲಿ ಅನುಭವಿಸಬೇಕಾದವಳು ಬೇರೆಯವರ ಮನೆಯಿಂದ ಬಂದು ಈ ಮನೆಯ ಭಾರ ಎಳೆಯುತ್ತಿರುವ ಹೆಣ್ಣುಮಗಳು. ಮೂರನೇ ದಿನ ಯಾರಿಗೂ ಹೇಳದೆ ಬಿಳಿ ಅಂಗಿ ತೊಟ್ಟು, ಬಸ್ಸು ಹತ್ತಿ ಶೋರೂಮಿಗೆ ಹೋದ.

ಮುಜಾಮಿಲ್ ಎದುರು ಹೋಗಿ ನಿಂತು ಹೆಗಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನೋಡಪ್ಪ, ಹಿಂಗೆ ಕೇಳಾಕೆ ನಂಗೆ ಬಾಯಿ ಬರಾಕಿಲ್ಲ. ನಿನ್ ಕೈಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದೆ. ಆ ಮಾತ ವಾಪಸ್ ತಗತೀನಿ. ಏನ್ ಅನ್ಬೇಕು ಅಂತಿದ್ದೀಯೋ ಅಂದ್ಬುಡು."

ಮುಜಾಮಿಲ್ ಕಂಪ್ಯೂಟರಿನಿಂದ ತಲೆ ಎತ್ತಿ ನೋಡಿದ. "ಯಾವ ಮಾತು ಯಜಮಾನ್ರೇ? ನಿಮ್ದು ಬುಕಿಂಗೇ ಆಗಿಲ್ವಲ್ಲ."

"ಅವತ್ತು ಕೈ ಹಾಕ್ಲಿಲ್ವಾ?"

"ಓ, ಶೇಕ್‌ಹ್ಯಾಂಡಾ? ಅದು ಎಲ್ರಿಗೂ ಕೊಡ್ತೀವಿ. ಇಷ್ಟಕ್ಕೆ ಬಿಸ್ಲಲ್ಲಿ ಬಂದ್ರಾ? ಒಂದು ಫೋನ್ ಮಾಡಿದ್ರೆ ಆಗ್ತಿತ್ತು."

ದಾಸಪ್ಪನಿಗೆ ಮೊದಲು ಸಿಟ್ಟೇ ಬಂತು. ಎರಡು ದಿನ ತಾನು ಅನ್ನ ಬಿಟ್ಟು ಒದ್ದಾಡಿದ ಕೈಯನ್ನು ಈ ಹುಡುಗ ಕೊಟ್ಟ ತಕ್ಷಣ ಮರೆತೇಬಿಟ್ಟಿದ್ದ. ಅವನ ಮುಖ ನೋಡಿ ಮುಜಾಮಿಲ್‌ಗೆ ಏನನ್ನಿಸಿತೋ, ಎದ್ದು ಬಂದು ಕುರ್ಚಿ ಎಳೆದು ಕೂರಿಸಿ, ಟೀ ತರಿಸಿ, "ತಪ್ಪು ತಿಳ್ಕೋಬೇಡಿ" ಅಂದ. ಟೀ ಕುಡಿಯುತ್ತ ಕುಡಿಯುತ್ತ ದಾಸಪ್ಪನಿಗೆ ನಗು ಬಂತು.

ಮನೆಯಲ್ಲಿ ಮಾತ್ರ ನಿಜ ಹೇಳಲು ಬಾಯಿ ಬರಲಿಲ್ಲ. "ನೀಲಿದು ಬರಾಕೆ ತಿಂಗ್ಳುಗಟ್ಲೆ ಆಯ್ತದಂತೆ" ಅಂತ ಒಂದು ಸುಳ್ಳು ಬಿಟ್ಟ. "ಈ ಸಲ ರಾಧ ಕೂತು ನೋಡ್ಲಿ, ಓಡ್ಸೋಳು ಅವ್ಳೇ ತಾನೆ" ಅಂತ ಸೇರಿಸಿದ. ಸುಳ್ಳೋ ನಿಜವೋ, ಅಶ್ವಥ್ ಟರ್ಬೋಗೆ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾದ. ರಾಧಾಮಣಿ ಬಿಳಿಯದರಲ್ಲೂ ಕೂತಳು, ಕೆಂಪುದರಲ್ಲೂ ಕೂತಳು. ಕೆಂಪುದರ ಸೀಟು ಮೇಲೆ ಬಂತು, ಬೆಲ್ಟಿನ ಕೊಂಡಿ ಕೆಳಗೆ ಇಳಿಯಿತು, ಕ್ಲಚ್ಚು ಮೆದು ಇತ್ತು. ಬಾನೆಟ್ಟಿನ ತುದಿಯವರೆಗೂ ಕಾಣುತ್ತೆ ಮಾವ ಅಂತ ಅವಳು ಒಳಗಿನಿಂದಲೇ ಕೂಗಿದಳು. ಮೈಲೇಜು ಬಿಳಿಯದರಷ್ಟಿಲ್ಲ, ಓಟ ನೀಲಿಯದರಷ್ಟಿಲ್ಲ. ಅದನ್ನೇ ಕೊಂಡರು. ದಾಸಪ್ಪ ಈ ಸಲ ಯಾರ ಕೈಮೇಲೂ ಕೈ ಇಡಲಿಲ್ಲ.

ಕೆಂಗಲ್ ಆಂಜನೇಯನ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಕಾರು ಊರಿಗೆ ಬಂತು. ಒಂದು ವಾರ ಕಳೆದಿರಬೇಕು. ಸರಸಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಾಧಾಮಣಿ ಕಾರು ತೆಗೆದಳು. ಜೊತೆಗೆ ಹೊರಟಿದ್ದ ದಾಸಪ್ಪ ಮೊದಲೇ ಹೋಗಿ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಮನೋಹರ್ ಎಲ್ಲರೂ ಇರುವಾಗಲೇ ಶುರು ಮಾಡಿದ.

"ಏನ್ ದಾಸಣ್ಣ, ಕೈ ಹಾಕಿದ್ದು ನೀಲಿದ್ಕೆ, ಬಂದಿರದು ಕೆಂಪುದು? ಆ ಹುಡ್ಗ ಏನಾರ ತಕರಾರು ಮಾಡುದ್ನಾ?"

ಬೆಂಚಿನವರೆಲ್ಲ ತಿರುಗಿದರು. ಕೆಂಪು ಕಾರು ಬಂದು ಹಿಂದೆಯೇ ನಿಂತಿದ್ದನ್ನು ದಾಸಪ್ಪ ನೋಡಲಿಲ್ಲ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವನು ಲೋಟ ಕೆಳಗಿಟ್ಟ.

"ಇಲ್ಲ ಕಣ್ಲಾ. ಆ ಹುಡ್ಗುಂದೇನೂ ತಪ್ಪಿಲ್ಲ. ಕೈ ಹಾಕ್ದೋನೂ ನಾನೇ, ವಾಪಸ್ ತಗಂಡೋನೂ ನಾನೇ."

"ನೀನಾ? ಕುಂಟೆತ್ನೇ ವಾಪಸ್ ಕೊಡ್ದೋನು ನೀನು!"

"ಹೂಂ, ನಾನೇ. ಆ ಕಾರಿನ ಬೆಲ್ಟು ನನ್ ಸೊಸೆ ಕುತ್ಗೆ ಒತ್ತುತ್ತಿತ್ತು. ಅವ್ಳ ಕುತ್ಗೆ ಮೇಲೆ ನಿಲ್ಲಿಸ್ಕಬೇಕಾದ ಮಾತು ನಂಗ್ ಬ್ಯಾಡ ಕಣ್ಲಾ."

ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ್ದ. ಹಿಂದಿನಿಂದ "ಮಾವ, ಹತ್ತಿ" ಅನ್ನುವ ದನಿ ಬಂದಾಗ ದಾಸಪ್ಪ ಬೆಚ್ಚಿ ತಿರುಗಿದ. ಕಿಟಕಿಯ ಗಾಜು ಪೂರ್ತಿ ಇಳಿದಿತ್ತು. ಹಿಂದಿನ ಸೀಟಿನಲ್ಲಿ ಸರಸಮ್ಮ ಗಂಡನನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ದಾಸಪ್ಪ ಮುಂದಿನ ಸೀಟಿಗೆ ಹತ್ತಿ, ಬೆಲ್ಟು ಎಳೆದುಕೊಂಡು, ಮುಖವನ್ನು ಆಚೆ ತಿರುಗಿಸಿಕೊಂಡು ಕೂತ. ಆ ಒಂದು ವಾರದಲ್ಲಿ ಒಮ್ಮೆಯೂ ಕ್ಲಚ್ ತಪ್ಪಿ ಕಾರು ಆಫ್ ಮಾಡಿಕೊಂಡಿರದ ರಾಧಾಮಣಿ, ಆ ಟೀ ಅಂಗಡಿಯ ಮುಂದೆ ಎರಡು ಸಲ ಆಫ್ ಮಾಡಿಕೊಂಡು, ಮೂರನೇ ಸಲಕ್ಕೆ ಹೊರಟಳು.