ಒಲೆಗೆ ಹೋದ ಪತ್ರಿಕೆ

ನಾನು ಚಿಕ್ಕವನಿದ್ದಾಗ ಶಿಡ್ಲಘಟ್ಟದ ನಮ್ಮ ಮನೆಯ ನಡುಕೋಣೆಯಲ್ಲೇ ಅಚ್ಚಿನ ಯಂತ್ರವಿತ್ತು. ಅಪ್ಪ ಅದರಲ್ಲಿ ವಾರಕ್ಕೊಂದು ಪತ್ರಿಕೆ ತರುತ್ತಿದ್ದರು. ಅವರು ಬರೆದದ್ದನ್ನು ಅಕ್ಕ ಸೀಸದ ಅಚ್ಚುಮೊಳೆಗಳಲ್ಲಿ ಅಕ್ಷರಕ್ಕೆ ಅಕ್ಷರ ಜೋಡಿಸುತ್ತಿದ್ದಳು. ಅವಳ ಬೆರಳಿನಿಂದ ಮಸಿ, ಸೀಮೆಎಣ್ಣೆಯ ವಾಸನೆ ಹಬ್ಬದ ದಿನವೂ ಹೋಗುತ್ತಿರಲಿಲ್ಲ.

ಆ ವರ್ಷ ಅಪ್ಪ ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಂತರು. ಎದುರಿಗೆ ನಿಂತವರು ದೊಡ್ಡ ರೇಷ್ಮೆ ವ್ಯಾಪಾರಿ. ಕೆರೆಯಾಚೆಯ ಕೇರಿಗೆ ತಾವೇ ಬಾವಿ ತೋಡಿಸಿಕೊಟ್ಟೆವೆಂದು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಅಪ್ಪ ಹೋಗಿ ನೋಡಿದರೆ ಅಲ್ಲಿದ್ದದ್ದು ಬರೀ ಒಣ ಗುಂಡಿ, ಅದರ ತುಂಬ ಮುಳ್ಳುಕಂಟಿ. ಹೆಂಗಸರು ಇನ್ನೂ ಕೆಸರುನೀರನ್ನೇ ಸೋಸಿ ಮಕ್ಕಳಿಗೆ ಕುಡಿಸುತ್ತಿದ್ದರು. ಅಪ್ಪ ಅದನ್ನೇ ಮೊದಲ ಪುಟಕ್ಕೆ ಬರೆದರು.

ಮತದಾನದ ಹಿಂದಿನ ದಿನ ಬೆಳಿಗ್ಗೆ ಕಟ್ಟುಗಳನ್ನೆಲ್ಲ ಬಸ್ ನಿಲ್ದಾಣದ ಅಂಗಡಿಗೆ ಹಾಕಿ ಬಂದೆವು. ಹಳ್ಳಿಗಳಿಗೆ ಪತ್ರಿಕೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಸ್ವಲ್ಪ ಹೊತ್ತಿಗೆ ಅಂಗಡಿಯವನು ಓಡಿಬಂದು, "ಒಂದೂ ಉಳಿದಿಲ್ಲಣ್ಣೋ, ಇನ್ನೂ ಇದ್ರೆ ಕೊಡಿ" ಅಂದ. ಅಪ್ಪ ಅಕ್ಕನ ಬೆನ್ನು ತಟ್ಟಿದರು. ಅಮ್ಮ ಪಾಯಸಕ್ಕೆಂದು ಬೆಲ್ಲ ಕುಟ್ಟಿದಳು.

ಮಧ್ಯಾಹ್ನ ನಾನೂ ಅಕ್ಕನೂ ರೇಷ್ಮೆಗೂಡು ಬೇಯಿಸುವ ಬೀದಿಯಲ್ಲಿ ಹೋಗುತ್ತಿದ್ದೆವು. ಬೆಂದ ಹುಳುವಿನ ವಾಸನೆಯ ಹಬೆ ಮುಖಕ್ಕೆ ಅಡರುತ್ತಿತ್ತು. ಆ ವ್ಯಾಪಾರಿಯ ಒಲೆಯ ಮುಂದೆ ನಮ್ಮ ಕಟ್ಟುಗಳು ಬಿದ್ದಿದ್ದವು. ಯಾರೂ ಬಿಚ್ಚಿಯೂ ನೋಡಿರಲಿಲ್ಲ. ಆಳೊಬ್ಬ ಅವನ್ನು ಬೆಂಕಿಗೆ ತುರುಕುತ್ತಿದ್ದ.

"ಅವು ನಮ್ಮವು!" ಅಕ್ಕ ಕಿರುಚಿದಳು.

"ನಮ್ಮ ಯಜಮಾನ್ರು ಕೊಂಡ್ಕೊಂಡಿರೋವು ಕಣಮ್ಮ. ಮನೆಗೆ ಹೋಗಿ."

ಸುದ್ದಿ ಕೇಳಿ ಅಪ್ಪ ಕಾಗದದ ಕಪಾಟು ತೆರೆದು ನೋಡಿದರು. ಮತ್ತೆ ಅಚ್ಚು ಹಾಕೋಣವೆಂದರೆ ಮನೆಯಲ್ಲಿ ಕಾಗದವೇ ಇರಲಿಲ್ಲ. ಅಂಗಿ ತೊಟ್ಟು ಗೂಡಿನ ಮಾರುಕಟ್ಟೆಗೆ ನಡೆದರು, ನಾವು ಹಿಂದೆ ಓಡಿದೆವು. ಕಲ್ಲುಬೆಂಚಿನ ಮೇಲೆ ನಿಂತು, ಬರೆದದ್ದನ್ನೆಲ್ಲ ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಕೂಗಿ ಹೇಳಿದರು. ಹರಾಜಿನ ಗದ್ದಲ ಅವರ ದನಿಯನ್ನು ನುಂಗಿಹಾಕಿತು. ಒಬ್ಬ ರೈತ ಮಾತ್ರ ಹತ್ತಿರ ಬಂದ. "ನೀವು ಹೇಳೋದು ನಿಜಾನೇ ಸ್ವಾಮಿ. ಆದ್ರೆ ನನ್ನ ಗೂಡು ಕೊಳ್ಳೋನು ಅವನೇ ಅಲ್ವಾ?" ಎಂದು ತಲೆ ತಗ್ಗಿಸಿ ಹೊರಟುಹೋದ.

ಅಪ್ಪ ಸೋತರು. ಅಕ್ಕ ಸಿಟ್ಟಿಗೆ ಮೊಳೆಗಳನ್ನು ಖಾನೆಗಳಿಗೆ ಎಸೆಯುತ್ತಿದ್ದಳು. "ಮೆತ್ತಗೆ ಹಾಕು ಕಣಮ್ಮ, ಮುಂದಿನ ವಾರಕ್ಕೆ ಬೇಕು" ಎಂದು ಅಪ್ಪ ಮತ್ತೆ ಬರೆಯಲು ಕುಳಿತರು. ಆ ಕೇರಿಗೆ ಬಾವಿ ಬಂದದ್ದು ನಾನು ಹೈಸ್ಕೂಲು ಮುಗಿಸಿದ ಮೇಲೆ.

ಮಕ್ಕಳೇ, ನಿಮ್ಮ ಮಾತನ್ನು ಈಗ ಯಾರೂ ಒಲೆಗೆ ಹಾಕಲಾರರು. ಮೊಬೈಲಿನಲ್ಲಿ ಬೆರಳು ಒತ್ತಿದರೆ ಗೌರಿಬಿದನೂರಿನ ಅತ್ತೆಗೂ ಆ ಕ್ಷಣವೇ ತಲುಪುತ್ತದೆ. ಮೊನ್ನೆ ನನ್ನ ಮೊಮ್ಮಗಳು ನಮ್ಮ ಬೀದಿಯ ಒಡೆದ ನೀರಿನ ಪೈಪಿನ ಫೋಟೋ ಹಾಕಿದಳು. ಬೀದಿಯವರೆಲ್ಲ ನೋಡಿ ಹೆಬ್ಬೆರಳಿನ ಚಿತ್ರ ಒತ್ತಿದರು. ನೀರು ಮಾತ್ರ ಚರಂಡಿಗೆ ಹರಿಯುತ್ತಲೇ ಇದೆ.

"ಎಲ್ರೂ ನೋಡಿದ್ರಲ್ಲ ತಾತ, ಮತ್ಯಾಕೆ ಯಾರೂ ಬರ್ಲಿಲ್ಲ?" ಎಂದು ಅವಳು ಕೇಳಿದಳು. ಇವತ್ತು ಬೆಳಗಿನಿಂದ ಆ ಪೈಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದೇವೆ, ನಾನೂ ಅವಳೂ. ಸರಿಮಾಡುವವರು ಬರುವವರೆಗೂ ಏಳುವುದಿಲ್ಲ.