ನೀರಿಲ್ಲದ ಕೆರೆಯಲ್ಲಿ ಕಪ್ಪೆಗಳ ಕೂಗು

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಹಗಲು ಕೂಲಿ ಮಾಡಿ, ರಾತ್ರಿ ಕಂದೀಲಿನ ಬೆಳಕಿನಲ್ಲಿ ಓದಿ ಪಾಸಾದವನು. ಯಾರಾದರೂ ಅಲ್ಲಿ ದನಿ ಕೇಳಿತು, ಇಲ್ಲಿ ನೆರಳು ಕಂಡಿತು ಅಂದರೆ ಅವರ ಬಾಯಿ ಮುಚ್ಚಿಸಿಬಿಡುತ್ತಿದ್ದೆ. ಈಗ ನೀವು ನನ್ನ ಬಾಯಿ ಮುಚ್ಚಿಸಿದರೂ ತಪ್ಪು ತಿಳಿಯುವುದಿಲ್ಲ.

ಎಂಬತ್ತರ ದಶಕದ ಮಾತು. ಘಟ್ಟದ ಒಂದು ರಕ್ಷಿತ ಕಾಡಿನಲ್ಲಿ ಕಪ್ಪೆಗಳ ಸಮೀಕ್ಷೆ ನಡೆದಿತ್ತು. ಎರಡು ಮಳೆಗಾಲ ಅದರಲ್ಲಿ ಸಹಾಯಕನಾಗಿ, ಜಿಗಣೆ ಕಚ್ಚಿಸಿಕೊಂಡು ದುಡಿದೆ. ಕತ್ತಲಾದ ಮೇಲೆ ಹಳ್ಳದ ದಂಡೆಗೆ ನಿಂತು, ಬ್ಯಾಟರಿ ಆರಿಸಿ, ಹತ್ತು ನಿಮಿಷ ಅಲುಗಾಡದೆ ಕೇಳಬೇಕು. ಕೂಗು ಕೇಳಿದರೆ ಹಾಳೆಯಲ್ಲಿ ಒಂದು ಗೆರೆ, ಕಪ್ಪೆ ಕಂಡರೆ ಒಂದು ಚುಕ್ಕೆ. ಹೋಲಿಸಿ ನೋಡಲು ನಮ್ಮ ಬಯಲುನಾಡಿನ ಕೆರೆಗಳೂ ಬೇಕೆಂದು, ಬೇಸಿಗೆಯಲ್ಲಿ ನಮ್ಮ ಸಾಹೇಬರು ನನ್ನನ್ನು ಈ ಕಡೆ ಕಳಿಸಿದರು. ಒಂದು ಜಾಗದಲ್ಲಾದರೂ ಕಪ್ಪೆ ಸಿಕ್ಕರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನನ್ನ ನೌಕರಿ ಮುಗಿದಂತೆ. ಆಳಂದ, ಅಫಜಲಪುರ ಎರಡೂ ಕಡೆ ಹಾಳೆ ಖಾಲಿ ಉಳಿಯಿತು. ಜೇವರ್ಗಿ ಒಂದೇ ಬಾಕಿ.

ಜೇವರ್ಗಿ ತಾಲೂಕಿನ ನೆಲೋಗಿ ಹತ್ತಿರ ನಾನು ನೋಡಬೇಕಿದ್ದ ಕೆರೆ ಪೂರ್ತಿ ಬತ್ತಿತ್ತು. ಎರೆಮಣ್ಣು ಬಿರಿದು ಬಿರುಕಿನೊಳಗೆ ಕೈ ಹೋಗುವಂತಿತ್ತು. ಬದಿಯ ಹೊಲದ ರಾಜಾಬಲಿ ಕಾಕಾ ದಾರಿ ತೋರಿಸಲು ಬಂದಿದ್ದರು.

"ಅಷ್ಟೆಲ್ಲಾ ಓದಿದ್ದು ಕಪ್ಪಿ ಎಣಸಾಕೇನೋ ತಮ್ಮಾ?" ಎಂದು ಕಾಡಿಸಿದರು. "ಸರ್ಕಾರಕ್ಕ ಬ್ಯಾರೆ ಕೆಲಸ ಇಲ್ಲೇನು?"

"ಸುಮ್ಮನ ನಿಲ್ರಿ ಕಾಕಾ, ಹತ್ತೇ ನಿಮಿಷ," ಎಂದು ಕೆರೆಯ ನಡುವೆ ನಿಂತು ಬ್ಯಾಟರಿ ಆರಿಸಿದೆ. ನಿಯಮ ಅಂದರೆ ನಿಯಮ. ಖಾಲಿ ಹಾಳೆಗೂ ಹತ್ತು ನಿಮಿಷ ಕೊಡಲೇಬೇಕು.

ಮೊದಲು ಒಂದು ಕೂಗಿತು. ಆಮೇಲೆ ನಾಲ್ಕು. ನೋಡನೋಡುತ್ತ ಇಡೀ ಕೆರೆಯೇ ಕೂಗತೊಡಗಿತು. ಘಟ್ಟದ ಜಡಿಮಳೆಯಲ್ಲೂ ಅಂಥದ್ದನ್ನು ನಾನು ಕೇಳಿರಲಿಲ್ಲ. ದನಿ ದಂಡೆಯಿಂದ ಬರುತ್ತಿರಲಿಲ್ಲ, ನಮ್ಮ ಕಾಲಡಿಯಿಂದ ಬರುತ್ತಿತ್ತು. ಗೆರೆ ಎಳೆಯುತ್ತಿದ್ದ ಕೈ ನಿಂತುಬಿಟ್ಟಿತು. ಕಾಕಾ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರು. "ಯಾ ಅಲ್ಲಾ! ನೆಲ ನಡುಗಾಕತ್ತದಲೋ," ಎಂದರು.

ಬ್ಯಾಟರಿ ಹಾಕಿ ನೋಡಿದರೆ ಬಿರಿದ ಮಣ್ಣು ಬಿಟ್ಟು ಇನ್ನೇನೂ ಇಲ್ಲ. ಒಂದು ಹೆಜ್ಜೆ ಮುಂದಿಟ್ಟೆ. ಕಾಲಿಟ್ಟ ಕಡೆ ಮಾತ್ರ ದನಿ ತಟ್ಟನೆ ನಿಂತಿತು. ದಾಟಿ ಹೋದ ಮೇಲೆ ಬೆನ್ನ ಹಿಂದೆ ಮತ್ತೆ ಶುರುವಾಯಿತು. ಮನುಷ್ಯ ಹತ್ತಿರ ಬಂದರೆ ಜೀವಂತ ಕಪ್ಪೆಗಳು ಮಾಡುವುದು ಹೀಗೆಯೇ. ನಾವು ಕೆರೆಯ ಈ ತುದಿಯಿಂದ ಆ ತುದಿಗೆ ನಡೆದೆವು. ನಮ್ಮ ಸುತ್ತಲಿನ ಆ ಸಣ್ಣ ಮೌನವೂ ನಮ್ಮ ಜೊತೆ ನಡೆಯಿತು. ನನಗೆ ಹೆದರಿಕೆ ಆಗಲಿಲ್ಲ. ಯಾರದೋ ದೊಡ್ಡ ಮನೆಗೆ ಕೇಳದೆ ಕಾಲಿಟ್ಟೆ ಅನಿಸಿ ತಲೆ ತಾನಾಗಿ ಬಾಗಿತು. ಆಮೇಲೆ ಎಲ್ಲ ಒಮ್ಮೆಲೇ ನಿಂತಿತು.

ಬೆಳಗಾದ ಕೂಡಲೆ ಹಾರೆ, ಸಲಿಕೆ ತಂದು ಮಧ್ಯಾಹ್ನದವರೆಗೆ ಐದು ಕಡೆ ಅಗೆದೆವು. ಮಣ್ಣೊಳಗೆ ಅಡಗಿ ಬೇಸಿಗೆ ಕಳೆಯುವ ಕಪ್ಪೆಗಳಿವೆ, ಅದು ನನಗೆ ಗೊತ್ತು. ಆದರೆ ಅವು ಅಲ್ಲಿ ಕೂಗುವುದಿಲ್ಲ. ಮೊಣಕಾಲುದ್ದ ಅಗೆದರೂ ಒಣಮಣ್ಣು ಬಿಟ್ಟು ಒಂದು ಹುಳವೂ ಸಿಗಲಿಲ್ಲ.

ಹಾಳೆಯಲ್ಲಿ ಗೆರೆಗಳಿದ್ದವು. ಕೆಳಗೆ ಬರೆದೆ: "ನೀರಿಲ್ಲ. ಕಪ್ಪೆ ಕಾಣಲಿಲ್ಲ. ಕೂಗು ಕೇಳಿತು."

ಹಾಳೆ ಓದಿದ ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀರಿಲ್ಲ ಅನ್ನೋದನ್ನ ಹೊಡೆದುಹಾಕಪ್ಪ, ಕೆಲಸ ಮುಂದುವರಿಸೋಣ."

"ನೀರು ಇದ್ದಿಲ್ರಿ ಸರ್."

"ಹಾಗಾದರೆ ಕೂಗು ಕೇಳಿತು ಅನ್ನೋದನ್ನ ತೆಗಿ. ಮರ್ಯಾದೆಯಾದರೂ ಉಳಿಯುತ್ತೆ."

"ಕೇಳಿದ್ದು ಖರೇ ಅದರಿ."

ಎರಡನ್ನೂ ನಾನು ಹೊಡೆದುಹಾಕಲಿಲ್ಲ. ಆ ತಿಂಗಳಿಗೇ ನೌಕರಿ ಮುಗಿಯಿತು. ಮುಂದೆ ಮಾಸ್ತರನಾದೆ.

ಕಪ್ಪೆ ಯಾಕೆ ಕೂಗುತ್ತದೆ ಎಂದು ಹುಡುಗರು ಕೇಳುತ್ತಿದ್ದರು. ಮಳೆ ಬಂದು ನೀರು ನಿಂತಾಗ ಗಂಡು ಹೆಣ್ಣನ್ನು ಕರೆಯುತ್ತದೆ ಎಂದು ಪುಸ್ತಕದಲ್ಲಿದ್ದಂತೆ ಹೇಳುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಮಳೆಯೂ ಇಲ್ಲದ, ನೀರೂ ಇಲ್ಲದ ಆ ರಾತ್ರಿ ಅವು ಯಾರನ್ನು ಕರೆಯುತ್ತಿದ್ದವು? ನನಗೆ ಇವತ್ತಿಗೂ ತಿಳಿದಿಲ್ಲ.