ಮಾದೇವಕ್ಕನ ಮಿಡಿಗೊಂದು ಕೊಂಕು

ಮಧ್ಯಾಹ್ನ ಊಟಕ್ಕೆ ಕೂತು ಹೊಸ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿದೆ ನೋಡಿ, ಮಾವಿನ ಸೊನೆಯ ಘಾಟು ನೇರ ಮೂಗಿಗೇ ಬಂತು. ಮಾದೇವಕ್ಕ ನೆನಪಾದಳು.

ಹೆಗಡೆಕಟ್ಟಾ ಕಡೆಯ ಈ ಮಾದೇವಕ್ಕ ಅಡಿಗೆಭಟ್ಟರ ತಂಡದಲ್ಲಿ ಕಾಯಿ ತುರಿದೂ ತುರಿದೂ ಬೇಸತ್ತು, ಸ್ವಂತ ಉದ್ಯೋಗವೆಂದು ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿದವಳು. ನಮ್ಮ ಸೀಮೆಯಲ್ಲಿ ಉಪ್ಪಿನಕಾಯಿ ಮಾರುವುದೆಂದರೆ ಹೊಳೆಗೆ ನೀರು ಮಾರಿದ ಹಾಗೆ. ಪ್ರತಿ ಮನೆಗೂ ಒಂದು ಮರ, ಒಂದು ಭರಣಿ, ಭರಣಿ ತುಂಬಿ ಮಿಕ್ಕುವಷ್ಟು ಜಂಬ. ಎಲ್ಲರೂ ಪುಕ್ಕಟೆ ರುಚಿ ನೋಡಿದರು, "ಅಡ್ಡಿಲ್ಲೆ" ಎಂದರು, ಕೈ ತೊಳೆದು ಹೋದರು. ನಾನು ಎರಡು ಸಲ ನೋಡಿದೆ. ಒಂದೇ ಸಲಕ್ಕೆ ಅಭಿಪ್ರಾಯ ಹೇಳುವುದು ಅನ್ಯಾಯವಲ್ಲವೇ?

"ಇದು ಖರ್ಚಾಗ್ದೇ ಹೋದ್ರೆ ಎಂಗೆ ಮತ್ತೆ ತುರಿಮಣೆನೇ ಗತಿ ತಮಾ" ಎಂದಳು.

ಮುಂದಿನ ಸಲ ಅವಳೇ ಮನೆಮನೆಗೆ ಹೋದಳು. "ನಿಂಗಳ ಮರದ ಮಿಡಿ ಕೊಡಿ, ನಿಂಗಳ ಹದದಲ್ಲೇ ಹಾಕ್ತೆ. ಬಾಟ್ಲಿ ಮೇಲೆ ನಿಂಗಳ ಮನೆ ಹೆಸ್ರು." ಹೆಸರೆಂದರೆ ಯಾರು ಬಿಡುತ್ತಾರೆ! ಮೇಲಿನಮನೆ ಮಿಡಿ, ಕೆಳಗಿನಮನೆ ಮಿಡಿ ಎಂದು ಬಾಟಲಿಗಳು ಊರ ಅಂಗಡಿಯಲ್ಲಿ ಸಾಲಾಗಿ ಕೂತವು. ನೋಡನೋಡುತ್ತ ಖಾಲಿ! ಮೇಲಿನಮನೆಯವರು ಕೆಳಗಿನಮನೆಯದನ್ನು ಕೊಂಡರು, ಕೆಳಗಿನವರು ಮೇಲಿನದನ್ನು. ತಿನ್ನಲಿಕ್ಕಲ್ಲ, ಕೊಂಕು ತೆಗೆಯಲಿಕ್ಕೆ. "ಎಂತ ಮಿಡಿನೋ ಇದು, ಕಚ್ಚಿದ್ರೆ ಸಪ್ಪಳನೇ ಇಲ್ಲೆ!" ಎನ್ನುತ್ತಲೇ ತಳದವರೆಗೆ ಬಳಿದರು. ಗ್ರಾಹಕರ ತೃಪ್ತಿ ಎಂದು ದೊಡ್ಡ ದೊಡ್ಡವರು ಭಾಷಣ ಮಾಡುತ್ತಾರಲ್ಲ, ನಮ್ಮೂರಲ್ಲಿ ಅದು ಸಿಗುವುದು ಪಕ್ಕದ ಮನೆಯ ಉಪ್ಪು ಜಾಸ್ತಿಯಾದಾಗ.

ಈ ವರ್ಷ ಮಂಜು ಬಿದ್ದು ಮಾವಿನ ಹೂವು ಕರಟಿತು. ಇದ್ದಷ್ಟು ಮಿಡಿಯನ್ನು ಎಲ್ಲರೂ ತಂತಮ್ಮ ಭರಣಿಗೇ ಇಳಿಸಿಕೊಂಡರು. ಮಾದೇವಕ್ಕ ಹೊಳೆಬದಿಯ ಕಾಡುಮರದ ಮಿಡಿ ತಂದು ಹಾಕಿ, ಬೇರೆ ದಾರಿಯಿಲ್ಲದೆ ಬಾಟಲಿಗೆ ತನ್ನ ಹೆಸರನ್ನೇ ಅಂಟಿಸಿದಳು.

"ಎನ್ನ ಹೆಸ್ರಿಗೆ ಯಾರು ಕೈ ಹಾಕ್ತ? ಆಡ್ಕಂಬವ್ರ ಎದ್ರಿಗೆ ಎಡವಿ ಬಿದ್ದಾಂಗೆ ಆಗ್ತು ತಮಾ" ಎಂದಳು.

ಇವತ್ತು ಬೆಳಿಗ್ಗೆ ಅಂಗಡಿಗೆ ಹೋದರೆ ಉಳಿದದ್ದು ಎರಡೇ ಬಾಟಲಿ. ಒಂದು ನನಗೆ, ಇನ್ನೊಂದನ್ನು ಮೇಲಿನಮನೆ ದೊಡ್ಡಮ್ಮ ಚೀಲಕ್ಕೆ ಹಾಕುತ್ತ ಗೊಣಗಿದರು: "ಮಾದೇವಿ ಮಿಡಿಗೆ ಉಪ್ಪು ಜಾಸ್ತಿ ಆಯ್ದು. ಮೊನ್ನೆ ಒಯ್ದಿದ್ದೂ ಹಂಗೇ ಇತ್ತು."

ಊಟದ ನಡುವೆಯೇ ಮಾದೇವಕ್ಕನಿಗೆ ಫೋನು ಮಾಡಿ ಇದನ್ನು ಹೇಳಿದೆ. ಆ ಕಡೆಯಿಂದ ಹಿಗ್ಗಿದ ದನಿಯಲ್ಲಿ, "ಮೇಲಿನಮನೆಯವ್ರು ಎನ್ನ ಹೆಸ್ರು ಹಿಡಿದು ಕೊಂಕು ತೆಗದ್ವಾ? ಇನ್ನೊಂದ್ಸಲ ಹೇಳು ತಮಾ" ಎಂದಳು.

ಹೇಳಿದೆ. ಮಿಡಿಯ ತೊಟ್ಟು ಹಿಡಿದು ಕಚ್ಚಿ ನೋಡಿದೆ, ಉಪ್ಪು ಹದವಾಗಿಯೇ ಇತ್ತು. ಆದರೂ, "ಹೌದು ಅಕ್ಕಾ, ಸ್ವಲ್ಪ ಜಾಸ್ತಿಯೇ" ಎಂದೆ.